ರತ್ನಮ್ಮನವರ ಲಿಲ್ಲಿ ಗಡ್ಡೆ ಬಿಡಿಸಿದ್ದು

ಈಗಲೂ ಈರುಳ್ಳಿ ಹೆಚ್ಚಲು ಕುಳಿತರೆ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ. ಮನೆಯವರು ಇದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದಾರೆ. ವಯಸ್ಸಲ್ಲ. ಹೊಸಪೇಟೆಯ ಅಂಚಿನ ಸರ್ಕಾರಿ ಸಸ್ಯಕ್ಷೇತ್ರವೊಂದರಲ್ಲಿ ನಾನು ಕೆಲಸಕ್ಕಿದ್ದಾಗ, ಒಬ್ಬರು ನಂಬಿ ತಂದುಕೊಟ್ಟ ಒಂದೇ ಒಂದು ಗಡ್ಡೆಯನ್ನು ಇದೇ ಕೈಗಳಿಂದ ಬಿಡಿಬಿಡಿಯಾಗಿ ಕಿತ್ತಿದ್ದೇನೆ. ಆ ಗಡ್ಡೆ ಮುರಿದ ಟಕ್ ಎಂಬ ಶಬ್ದ ಬೆರಳಿನಲ್ಲಿ ಉಳಿದುಬಿಟ್ಟಿದೆ.

ಸಸ್ಯಕ್ಷೇತ್ರಕ್ಕೆ ಹೊಸದಾಗಿ ಸೇರಿದವರು ಆಗಾಗ ಮನೆಗೆ ಬಂದು ಕೆಲಸ ಹೇಗಿರುತ್ತದೆ ಎಂದು ಕೇಳುತ್ತಾರೆ. ಕಸಿ ಕಟ್ಟುವುದು, ಗೂಟಿ ಹಾಕುವುದು, ಕಡ್ಡಿ ನೆಡುವುದು ಇವೆಲ್ಲ ತರಬೇತಿಯಲ್ಲಿ ಕಲಿಸುತ್ತಾರೆ. ಗಿಡದ ಹಿಂದೆ ಗಿಡದವರೂ ಬರುತ್ತಾರೆ ಎನ್ನುವುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಅದಕ್ಕಾಗಿ ಈ ಒಂದು ಪ್ರಸಂಗವನ್ನು ಬರೆಯುತ್ತಿದ್ದೇನೆ. ಕಣ್ಣಾರೆ ಕಂಡದ್ದನ್ನು ಕಂಡೆ ಎಂದೂ, ಕೇಳಿದ್ದನ್ನು ಕೇಳಿದೆ ಎಂದೂ ಬೇರೆಬೇರೆಯಾಗಿಯೇ ಬರೆಯುತ್ತೇನೆ. ಯಾಕೆಂದರೆ ಈ ಲಿಲ್ಲಿಯ ವಿಷಯದಲ್ಲಿ ಆಗಲೇ ಊರಲ್ಲಿ ಬೇಕಾದಷ್ಟು ಕಥೆಗಳಿವೆ.

ನಾನು ಸೇರಿದ ಹೊಸತರಲ್ಲಿ ನಮಗಿದ್ದ ಮೇಲಧಿಕಾರಿಗೆ ಕುಂಡಗಳಿಗೆ ಕೆಮ್ಮಣ್ಣು ಬಳಿದಿದ್ದರೆ ಸಾಕಿತ್ತು. ಒಳಗೆ ಗಿಡ ಇದೆಯೋ ಇಲ್ಲವೋ ಆಮೇಲಿನ ಮಾತು. ನಂತರ ಬಂದವರು ಗಿಡ ನೋಡುತ್ತಿದ್ದರು, ಮಣ್ಣು ನೋಡುತ್ತಿರಲಿಲ್ಲ. ಕೊನೆಗೆ ಬಂದ ಪ್ರಭಾಕರ ಸಾಹೇಬರು ಎಲ್ಲವನ್ನೂ ನೋಡುತ್ತಿದ್ದರು. ಮೈಸೂರು ಕಡೆಯವರು, ಮೆದು ಮಾತಿನವರು, ಒಳ್ಳೆಯ ಮನುಷ್ಯ. ಅವರಿಗೆ ಒಂದೇ ಒಂದು ಚಟ, ಪ್ರಯೋಗ. ಕರಿಬೇವಿನ ಬೀಜ ಬಿತ್ತಿದರೂ ಅರ್ಧ ನೆರಳಲ್ಲಿ, ಅರ್ಧ ಬಿಸಿಲಲ್ಲಿ ಇಟ್ಟು ಮೀಸೆ ತಿರುವುತ್ತಾ ನಿಲ್ಲುತ್ತಿದ್ದರು. ನಮ್ಮಲ್ಲಿ ಕೂಲಿಗೆ ಬರುತ್ತಿದ್ದ ಹುಲಿಗೆಮ್ಮ ಹೇಳುತ್ತಿದ್ದಳು: "ಸಾಹೇಬ್ರಿಗೆ ಎರಡು ಚಪಾತಿ ಕೊಟ್ರ ಒಂದನ್ನ ನೆಳ್ಳಾಗ ಇಟ್ಟು, ಒಂದನ್ನ ಬಿಸಲಾಗ ಇಟ್ಟು ತಿಂತಾರ ನೋಡ್ರಿ."

ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಸಂಡೂರಿನ ಬಸ್ಸಿನಿಂದ ರತ್ನಮ್ಮ ಇಳಿದು ಬಂದರು. ಗಣಿಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ದೊಡ್ಡ ಮೈಕಟ್ಟು, ಬಿಳಿ ಸೀರೆ. ಅಕ್ಕಿ ಚೀಲವೊಂದನ್ನು ಎದೆಗೆ ಒತ್ತಿಕೊಂಡಿದ್ದರು. ಚೀಲದಲ್ಲಿ ಮಣ್ಣು ಸಮೇತ ಒಂದು ಲಿಲ್ಲಿ ಗಡ್ಡೆ ಇತ್ತು. ಉದ್ದ ತುತ್ತೂರಿಯಂಥ ಬಿಳಿ ಹೂ ಬಿಡುವ ಜಾತಿ. ಹೊಸಪೇಟೆಯ ಬಿಸಿಲಿಗೆ ಅದು ಬದುಕುವುದಿಲ್ಲ. ಸಂಡೂರಿನಲ್ಲಿ ಸುತ್ತಲೂ ಗುಡ್ಡ ಇರುವುದರಿಂದ ಹೇಗೋ ಬಾಳಿಕೊಂಡು ಬಂದಿತ್ತು.

ಸಾಹೇಬರು ಗಡ್ಡೆಯ ಒಂದು ಮಗ್ಗುಲನ್ನು ಒತ್ತಿದರು. ಬೆರಳು ಒಳಗೆ ಹೋಯಿತು. ಅವರು ಬೆರಳನ್ನು ಮೂಸಿ ನೋಡಿ ಸುಮ್ಮನಾದರು. ಮೂಸಿ ನೋಡಿದ ಮೇಲೆ ಅಧಿಕಾರಿ ಸುಮ್ಮನಾದರೆ ಸುದ್ದಿ ಒಳ್ಳೆಯದಲ್ಲ ಎಂದು ಹೊಸಬರು ತಿಳಿದುಕೊಳ್ಳಬೇಕು.

"ಇದು ಕೊಳೀತಾ ಇದೆಯಮ್ಮ. ಬೇರೆ ಗಡ್ಡೆ ತರಿಸಿಕೊಡಲಾ?" ಎಂದರು.

"ಬ್ಯಾರೆ ಬ್ಯಾಡ್ರಿ. ಇದs ಬೇಕು."

"ಅದೇ ಜಾತಿ, ಅದೇ ಹೂವು..."

"ಸಾಹೇಬ್ರ, ನಿಮ್ಮ ಮಗಳನ್ನ ಕೊಡ್ರಿ ಅಂದ್ರ ಅದs ಜಾತಿ ಬ್ಯಾರೆ ಹುಡುಗಿ ತೋರಸ್ತೀರೇನು?"

ಆಮೇಲೆ ನನ್ನ ಪಕ್ಕದ ಕಟ್ಟೆಯ ಮೇಲೆ ಕುಳಿತು ವಿಷಯ ಹೇಳಿದರು. ಬಹಳ ವರ್ಷಗಳ ಹಿಂದೆ ಗಣಿಯ ಎಂಜಿನಿಯರರೊಬ್ಬರು ವರ್ಗವಾಗಿ ಹೋಗುವಾಗ ಅವರ ಹೆಂಡತಿ ಒಣಗಿದ ಕುಂಡವೊಂದನ್ನು ಎಸೆಯಲು ಕೊಟ್ಟರಂತೆ. ರತ್ನಮ್ಮ ಎಸೆಯಲಿಲ್ಲ. ಮುಂದಿನ ಬುದ್ಧ ಪೂರ್ಣಿಮೆಯ ಹೊತ್ತಿಗೆ ಸರಿಯಾಗಿ ಅದರಲ್ಲಿ ಹೂ ಬಂತು. ಅವರ ಓಣಿಯಲ್ಲಿ ಒಂಬತ್ತು ಮನೆ, ಎಲ್ಲರೂ ಬೌದ್ಧರು. ಇದ್ದದ್ದು ಒಂದೇ ಹೂವು. ಹಾಗಾಗಿ ಪೂರ್ಣಿಮೆಯ ಬೆಳಿಗ್ಗೆ ಕುಂಡವನ್ನೇ ಮನೆಯಿಂದ ಮನೆಗೆ ಒಯ್ಯುವ ಪದ್ಧತಿ ಹುಟ್ಟಿತು. ಬುದ್ಧನ ಮತ್ತು ಬಾಬಾಸಾಹೇಬರ ಪಟದ ಮುಂದೆ ಕುಂಡ ಇಡಬೇಕು, ಬುದ್ಧಂ ಶರಣಂ ಎಂದು ತ್ರಿಶರಣ ಹೇಳಬೇಕು, ತಂದವರು ಆ ಮನೆಯ ಖೀರು ಕುಡಿಯಬೇಕು. ಆಮೇಲೆ ಆ ಮನೆಯಾಕೆ ಕುಂಡವನ್ನು ಎತ್ತಿಕೊಂಡು ಮುಂದಿನ ಮನೆಯ ಹೊಸ್ತಿಲಿಗೆ ಹೋಗಬೇಕು. ಕೊನೆಯ ಮನೆಯಲ್ಲಿ ಹೂ ಬಾಡುವವರೆಗೂ ಕುಂಡ ಇರುತ್ತದೆ. ಇದನ್ನು ಅವರು 'ಹೂವು ತಿರುಗೋದು' ಎನ್ನುತ್ತಾರೆ.

ಕುಂಡ ಹೊರಡುವುದು ರತ್ನಮ್ಮನ ಮನೆಯಿಂದ. ಎರಡನೆಯ ಮನೆ ಅವರ ನೆಗೆಣ್ಣಿ, ಅಂದರೆ ಗಂಡನ ತಮ್ಮನ ಹೆಂಡತಿ ಸರೋಜಮ್ಮನದು. ಅಣ್ಣತಮ್ಮಂದಿರು ಬೇರೆಯಾದಾಗ ಹಿತ್ತಲಲ್ಲಿ ನೆಲಕ್ಕೆ ಕೂರಿಸಿದ್ದ ಒಳಕಲ್ಲು ಸರೋಜಮ್ಮನ ಪಾಲಿಗೆ ಹೋಯಿತು, ರತ್ನಮ್ಮನಿಗೆ ಮಿಕ್ಸಿ ಬಂತು. ಮಿಕ್ಸಿ ವರ್ಷ ತುಂಬುವ ಮೊದಲೇ ಸುಟ್ಟಿತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಗಂಡಂದಿರು ಇಬ್ಬರೂ ತೀರಿಕೊಂಡರು, ಒಳಕಲ್ಲಿನ ಜಗಳ ಮಾತ್ರ ಗಟ್ಟಿಯಾಗಿ ಉಳಿಯಿತು.

"ಹೂವು ತಿರುಗೋ ದಿನ ಮಾತ್ರ ಆಕಿ ಹೊಸ್ತಿಲ ದಾಟ್ತೀನ್ರಿ. 'ತಗೋ' ಅಂತೀನಿ. 'ಕುಂದ್ರು' ಅಂತಾಳ. 'ಖೀರು ಕುಡಿ' ಅಂತಾಳ. 'ಸಾಕು' ಅಂತೀನಿ. ವರ್ಷಕ್ಕ ಇಷ್ಟು. ಇದೂ ಹೋತಂದ್ರ ಆಕಿ ಸತ್ರ ನಾ ಹೋಗಂಗಿಲ್ಲ, ನಾ ಸತ್ರ ಆಕಿ ಬರಂಗಿಲ್ಲ" ಎಂದರು ರತ್ನಮ್ಮ. ಹೇಳುವಾಗ ನನ್ನ ಮುಖ ನೋಡಲಿಲ್ಲ, ಚೀಲದ ಬಾಯಿಯನ್ನು ಮಡಚುತ್ತಾ ಬಿಚ್ಚುತ್ತಾ ಇದ್ದರು.

ಸಾಹೇಬರು ಉಪಾಯ ಹೇಳಿದರು. ಲಿಲ್ಲಿ ಗಡ್ಡೆ ಈರುಳ್ಳಿಯ ಹಾಗೆ ಸುತ್ತುಪದರದ್ದಲ್ಲ. ಹೆಂಚು ಜೋಡಿಸಿದ ಹಾಗೆ ದಪ್ಪನೆಯ ಬಿಳಿ ತುಂಡುಗಳು ಒಂದರ ಮೇಲೊಂದು ಕೂತಿರುತ್ತವೆ. ಬೆಳ್ಳುಳ್ಳಿಯ ಲೆಕ್ಕದಲ್ಲಿ ನಾವು ಅವನ್ನು ಎಸಳು ಎನ್ನುತ್ತಿದ್ದೆವು. ಒಂದೊಂದನ್ನೂ ಬುಡ ಸಮೇತ ಮುರಿದು, ಹದವಾದ ತೇವದಲ್ಲಿ ಕತ್ತಲಲ್ಲಿ ಇಟ್ಟರೆ, ಮುರಿದ ಬುಡದಲ್ಲಿ ಪುಟ್ಟ ಮರಿಗಡ್ಡೆಗಳು ಮೂಡುತ್ತವೆ. ಕೊಳೆ ಇನ್ನೂ ಮುಟ್ಟದ ಮಗ್ಗುಲಿನ ಎಸಳುಗಳನ್ನು ಹಾಗೆ ಬಿಡಿಸಬೇಕು. ಆದರೆ ಬಿಡಿಸಿದ ಮೇಲೆ ಗಡ್ಡೆ ಇರುವುದಿಲ್ಲ.

"ಬಿಡಿಸಿದ್ರ ಮತ್ತ ಜೋಡಸಾಕ ಬರ್ತದೇನ್ರಿ?" ರತ್ನಮ್ಮ ಕೇಳಿದರು.

"ಬರೋದಿಲ್ಲಮ್ಮ."

ಅವರು ಖಾಲಿ ಚೀಲವನ್ನು ಮಡಚಿ, "ಬಿಡಸ್ರಿ. ನಾ ಹೊರಗ ಕುಂದ್ರತೀನಿ. ಕಣ್ಣೀಲೆ ನೋಡಂಗಿಲ್ಲ" ಎಂದು ಎದ್ದರು.

ಬಿಡಿಸುವ ಕೆಲಸ ನನಗೆ ಬಂತು. ಎಸಳನ್ನು ಹೊರಕ್ಕೆ ಬಾಗಿಸಿ ಬುಡದಲ್ಲಿ ಒತ್ತಿದರೆ ಟಕ್ ಎಂದು ಮುರಿಯುತ್ತದೆ. ಶಬ್ದ ಸಣ್ಣದು. ಆದರೆ ಆ ದಿನ ಒಂದೊಂದು ಟಕ್ಕಿಗೂ ಕಿಟಕಿಯ ಹೊರಗಿನಿಂದ "ಅಯ್ಯ" ಎಂದು ಕೇಳಿಸುತ್ತಿತ್ತು. ನಾನು ಗಡ್ಡೆಯನ್ನು ಮೇಜಿನ ಮೇಲೆ ಇಟ್ಟುಬಿಟ್ಟೆ.

"ಮೇಡಂ, ಗಡ್ಡಿ ಐತ್ರಿ ಅದು, ಕೂಸಲ್ಲ" ಎಂದು ಹುಲಿಗೆಮ್ಮ ಧೈರ್ಯ ಹೇಳಿದಳು. ಮರುಕ್ಷಣವೇ ಕೈ ತಪ್ಪಿ ಒಂದು ಎಸಳು ನೆಲಕ್ಕೆ ಬಿದ್ದಾಗ ಅವಳೇ "ಅಯ್ಯೋ ನನ್ನವ್ವ" ಎಂದು ಎದೆ ಹಿಡಿದುಕೊಂಡಳು.

ಸರಿಯಾದ ಎಸಳುಗಳು ಎರಡು ಹಿಡಿಯಷ್ಟು ಸಿಕ್ಕವು. ಔಷಧಿ ನೀರಿನಲ್ಲಿ ಅದ್ದಿ ನೆರಳಲ್ಲಿ ಆರಿಸಿದೆವು. ನಾನು ಎಲ್ಲವನ್ನೂ ಒಂದೇ ಕಡೆ ಜೋಪಾನವಾಗಿ ಇಡೋಣ ಎಂದೆ. ಸಾಹೇಬರು ಮೀಸೆಗೆ ಕೈ ಹಾಕಿದರು. ಆಗಲೇ ನನಗೆ ಗೊತ್ತಾಯಿತು.

"ಒಂದೇ ಕಡೆ ಇಟ್ಟು ಅಲ್ಲೇ ಕೆಟ್ಟರೆ ಎಲ್ಲವೂ ಹೋಯ್ತಲ್ಲಮ್ಮ. ಮೂರು ಕಡೆ ಇಡೋಣ. ಯಾವುದು ಸರಿ ಅಂತಲೂ ತಿಳಿಯುತ್ತೆ" ಎಂದರು. ಮಾತು ನ್ಯಾಯವಾದದ್ದೇ. ನಾನು ತಲೆಯಾಡಿಸಿದೆ.

ಮೊದಲ ಪಾಲು ನಮ್ಮ ಮಂಜಿನ ಮನೆಗೆ ಹೋಯಿತು. ಪ್ಲಾಸ್ಟಿಕ್ ಹೊದಿಸಿ, ಗಳಿಗೆಗೊಮ್ಮೆ ಸಣ್ಣಗೆ ನೀರು ಸಿಂಪಡಿಸುವ ಕೋಣೆ ಅದು. ಮಲ್ಲಿಗೆ ಕಡ್ಡಿಗಳಿಗೆ ಸ್ವರ್ಗ. ಲಿಲ್ಲಿ ಎಸಳುಗಳು ಮೊದಲ ವಾರ ಹೊಳೆಯುತ್ತಿದ್ದವು, ಎರಡನೆಯ ವಾರ ಗಾಜಿನ ಹಾಗೆ ಪಾರದರ್ಶಕವಾದವು. ಸಾಹೇಬರು "ಪರವಾಗಿಲ್ಲ, ಏನೋ ಬದಲಾವಣೆ ಆಗ್ತಿದೆ" ಎಂದರು. ಆಗಿದ್ದ ಬದಲಾವಣೆ ಏನೆಂದರೆ ಅವು ಗಂಜಿಯಾಗುತ್ತಿದ್ದವು. ಹುಲಿಗೆಮ್ಮ ಮೂಗು ಮುಚ್ಚಿಕೊಂಡು ತಟ್ಟೆಯನ್ನು ಹೊರಗೆ ಒಯ್ದಳು.

ಎರಡನೆಯ ಪಾಲನ್ನು ಕಂಪ್ಲಿ ಹತ್ತಿರದ ಮೆಟ್ರಿಯ ಪಂಪಾಪತಿಯವರ ಉಗ್ರಾಣದಲ್ಲಿ ಇಟ್ಟಿದ್ದೆವು. ಭತ್ತ ಬೆಳೆಯುವ ರೈತರು. ನಮ್ಮಲ್ಲಿಂದ ತೆಂಗು, ಮಾವು ಒಯ್ಯುತ್ತಿದ್ದ ಖಾಯಂ ಗಿರಾಕಿ. ಅವರ ಉಗ್ರಾಣದ್ದು ಒಂದು ಮೊಳ ದಪ್ಪದ ಮಣ್ಣಿನ ಗೋಡೆ, ಒಳಗೆ ಮಧ್ಯಾಹ್ನವೂ ತಣ್ಣಗಿರುತ್ತದೆ. ಎಸಳುಗಳನ್ನು ತೇವದ ನಾರಿನ ಪುಡಿಯ ಜೊತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊಟ್ಟು, ಸುಮ್ಮನೆ ಮೊಳೆಗೆ ತೂಗುಹಾಕಿ ಎಂದು ಹೇಳಿದ್ದೆವು. ಕೆಲವು ದಿನ ಬಿಟ್ಟು ನಾನೂ ಸಾಹೇಬರೂ ನೋಡಲು ಹೋದೆವು. ಮೊಳೆಯಲ್ಲಿ ಚೀಲ ಇರಲಿಲ್ಲ.

"ಬರ್ರಿ ಬರ್ರಿ, ಕುಂದ್ರಿ. ನಿಮ್ಮ ಬೀಜದ ವಿಷಯ ಹೇಳಬೇಕಾಗಿತ್ತು. ಬೀಜ ಖೊಟ್ಟಿ ಐತ್ರಿ" ಎಂದರು ಪಂಪಾಪತಿ.

"ಎಲ್ಲಿ ಅದು?" ಸಾಹೇಬರು ಕೇಳಿದರು.

ಪಂಪಾಪತಿ ಮೂಲೆಗೆ ಹೋಗಿ ಒಂದು ಕಲ್ಲು ಎತ್ತಿದರು. ಕಲ್ಲಿನಡಿ ಹುಲ್ಲು, ಹುಲ್ಲಿನಡಿ ಬಿಗಿಯಾಗಿ ಕಟ್ಟಿದ ಒದ್ದೆ ಗೋಣಿ. ನನಗೆ ಅರ್ಥವಾಯಿತು. ಆ ಕಡೆ ಸಸಿಮಡಿಗೆ ಚೆಲ್ಲುವ ಮೊದಲು ಭತ್ತವನ್ನು ರಾತ್ರಿಯಿಡೀ ನೆನೆಹಾಕಿ, ಗೋಣಿಯಲ್ಲಿ ಕಟ್ಟಿ, ಹುಲ್ಲು ಮುಚ್ಚಿ, ಮೇಲೆ ಕಲ್ಲು ಹೇರುತ್ತಾರೆ. ಒಳಗೆ ಕಾವು ಹುಟ್ಟಿ ಮೊಳಕೆ ಒಡೆಯುತ್ತದೆ. ಪಂಪಾಪತಿ ನಮ್ಮ ಎಸಳುಗಳಿಗೂ ಅಷ್ಟೇ ಮರ್ಯಾದೆ ಮಾಡಿದ್ದರು.

"ಸುಮ್ನೆ ತೂಗುಹಾಕಿದ್ರ ಮೊಳಕಿ ಹೆಂಗ ಬರ್ತಾವ್ರಿ? ನಿಮಗ ತಿಳದಿಲ್ಲ ಅಂತ ನಾನs ಬೆಚ್ಚನ ನೀರು ಹೊಡದು ಕಟ್ಟೀನಿ. ನನ್ನ ಕೈಯಾಗ ಒಂದು ಬೀಜನೂ ಹುಸಿ ಹೋಗಿದ್ದಿಲ್ಲ. ನಿಮ್ಮವು ನೋಡ್ರಿ, ಸಾರು ಆಗ್ಯಾವ."

ಗೋಣಿಯ ಗಂಟು ಬಿಚ್ಚಿದರು. ಸಾರು ಎಂದದ್ದು ಸರಿಯಾಗಿಯೇ ಇತ್ತು. ಬರುವಾಗ ಸಾಹೇಬರು ಜೀಪಿನಲ್ಲಿ ಕಂಪ್ಲಿಯವರೆಗೂ ಬೆರಳನ್ನು ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತಲೇ ಇದ್ದರು. ಆಮೇಲೆ, "ಒಂದು ವಿಷಯ ಗೊತ್ತಾಯ್ತಲ್ಲ, ಕಾವು ಹೆಚ್ಚಾದರೆ ಆಗೋದಿಲ್ಲ" ಎಂದರು. ನನಗೆ ರತ್ನಮ್ಮನ ಬಿಳಿ ಸೀರೆ ನೆನಪಾಯಿತು. ಎರಡು ಹಿಡಿಯಲ್ಲಿ ಉಳಿದದ್ದು ಈಗ ಒಂದು ಹಿಡಿಗೂ ಕಡಿಮೆ.

ಆ ಮೂರನೆಯ ಪಾಲು ನಮ್ಮ ಉಪಕರಣದ ಕೋಣೆಯಲ್ಲಿತ್ತು. ಸುಟ್ಟ ಭತ್ತದ ಹೊಟ್ಟು, ತೆಂಗಿನ ನಾರಿನ ಪುಡಿ ಬೆರೆಸಿ, ಮುಷ್ಟಿಯಲ್ಲಿ ಹಿಂಡಿದರೆ ಒಂದೇ ಹನಿ ಬರುವಷ್ಟು ತೇವ ಮಾಡಿ, ಚೀಲ ಕಟ್ಟಿ ಗುದ್ದಲಿಗಳ ಹಿಂದೆ ತೂಗುಹಾಕಿದ್ದೆವು. ಚಳಿಗಾಲ ಹಿಡಿದಿತ್ತು, ಕೋಣೆ ಹಿತವಾಗಿತ್ತು. ಯಾರೂ ಚೀಲ ಮುಟ್ಟಕೂಡದು ಎಂದು ಸಾಹೇಬರು ಅಪ್ಪಣೆ ಮಾಡಿದರು.

ನಾನು ಕಂಡದ್ದನ್ನು ಹೇಳುತ್ತೇನೆ. ಒಂದು ಬೆಳಿಗ್ಗೆ ಆ ಚೀಲದ ಬಾಯಿ ಹೂವಿನ ದಂಡೆ ಕಟ್ಟುವ ಗಂಟಿನಲ್ಲಿತ್ತು. ಅದು ಹುಲಿಗೆಮ್ಮನ ಕೈ. ಎರಡು ದಿನ ಬಿಟ್ಟು ನೋಡಿದರೆ ಬೂಟಿನ ಲೇಸು ಕಟ್ಟುವ ಹಾಗೆ ಎರಡು ಕಿವಿಯ ಗಂಟು ಇತ್ತು. ಸಸ್ಯಕ್ಷೇತ್ರದಲ್ಲಿ ಬೂಟು ಹಾಕುತ್ತಿದ್ದವರು ಒಬ್ಬರೇ. ನನ್ನದು ಯಾವ ಗಂಟು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೀಗೆ ಮೂವರೂ ಕದ್ದು ನೋಡುತ್ತಾ, ಎದುರು ಸಿಕ್ಕಾಗ ಚೀಲದ ಹೆಸರೇ ಎತ್ತದೆ ದಿನ ಕಳೆದೆವು.

ಒಂದು ದಿನ ಹುಲಿಗೆಮ್ಮ ಓಡಿ ಬಂದಳು. "ಮೇಡಂ, ಬಂದಾವ್ರಿ!"

"ಏನು?"

"ನನಗೇನು ಗೊತ್ರಿ, ನಾ ಚೀಲ ಎಲ್ಲಿ ಬಿಚ್ಚೀನಿ? ಆದ್ರ ಬಂದಾವ."

ಎಸಳಿನ ಮುರಿದ ಅಂಚಿನಲ್ಲಿ ನುಚ್ಚಕ್ಕಿಯ ಕಾಳಿನಂಥ ಬಿಳಿ ಗುಬುಟುಗಳು ಬಂದಿದ್ದವು. ಕೆಲವಕ್ಕೆ ಒಂದು, ಕೆಲವಕ್ಕೆ ಎರಡು. ಸಾಹೇಬರು ಭೂತಗನ್ನಡಿ ತಂದು ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಆ ಸಂಜೆ ಎಲ್ಲರಿಗೂ ಮಿರ್ಚಿ ಬಜ್ಜಿ ತರಿಸಿದರು.

ಮರಿಗಳು ಕಡಲೆಕಾಳಿನಷ್ಟಾದವು, ಅಲ್ಲಿಗೆ ನಿಂತವು. ಎಲೆ ಬರಲಿಲ್ಲ. ಈ ಜಾತಿಯ ಮರಿಗಡ್ಡೆ ಕೆಲವು ವಾರ ಸರಿಯಾದ ಚಳಿಯನ್ನು ಉಂಡ ಮೇಲಷ್ಟೇ ಕಣ್ಣು ಬಿಡುತ್ತದೆ. ಹೊಸಪೇಟೆಯಲ್ಲಿ ಚಳಿ ಎಂದರೆ ಫ್ರಿಜ್ಜು. ನಮ್ಮ ಕಚೇರಿಯಲ್ಲಿ ಫ್ರಿಜ್ಜಿರಲಿಲ್ಲ. ನಮ್ಮ ಮನೆಯ ಫ್ರಿಜ್ಜಿನಲ್ಲಿ ಇಡುತ್ತೇನೆ ಎಂದೆ. ಸಾಹೇಬರ ಕೈ ಮತ್ತೆ ಮೀಸೆಗೆ ಹೋಯಿತು. ಅರ್ಧ ನನ್ನ ಮನೆಗೆ ಬಂತು, ಅರ್ಧ ಹಂಪಿ ಬಜಾರಿನ ಪಕ್ಕದ ಓಣಿಯಲ್ಲಿ ಕೂಲ್ ಡ್ರಿಂಕ್ಸ್ ಅಂಗಡಿ ಇಟ್ಟಿದ್ದ ಈರಣ್ಣನ ಫ್ರಿಜ್ಜಿಗೆ ಹೋಯಿತು.

ನಮ್ಮ ಮನೆಯಲ್ಲಿ ಡಬ್ಬಿಗೆ 'ಸರ್ಕಾರಿ ಬೆಳ್ಳುಳ್ಳಿ' ಎಂದು ಹೆಸರು ಬಿತ್ತು. ಯಾರೂ ಮುಟ್ಟಲಿಲ್ಲ. ಈರಣ್ಣನ ಅಂಗಡಿಯದು ಬೇರೆ ಕಥೆ. ಅವನ ಗಾಜಿನ ಬಾಗಿಲಿನ ಫ್ರಿಜ್ಜಿನಲ್ಲಿ ನಿಂಬೆ ಸೋಡಾದ ಪಕ್ಕ ನಮ್ಮ ಡಬ್ಬಿ ಕಾಣುತ್ತಿತ್ತು. ವಿದೇಶದ ಪ್ರವಾಸಿ ಹುಡುಗಿಯೊಬ್ಬಳು ಅದೇನು ಎಂದು ಕೇಳಿದಳಂತೆ. ಈರಣ್ಣ ಈ ಊರಿನ ಉಪ್ಪಿನಕಾಯಿ ಎಂದನಂತೆ. ಅವಳು ಕೊಡಿ ಎಂದಳಂತೆ. ಇದು ಈರಣ್ಣ ಹೇಳಿದ್ದು, ನಾನು ಕಂಡಿಲ್ಲ. ಮಾರಲಿಲ್ಲ ಎನ್ನುವುದಕ್ಕೆ ಡಬ್ಬಿಯೇ ಸಾಕ್ಷಿ. ಆದರೆ ನಾನು ಹೋಗಿ ತೆರೆದಾಗ ಮರಿಗಳು ಹಸಿರು ಬೂಷ್ಟು ಹಿಡಿದು, ಕೆಲವು ದಾರದಂಥ ಬಿಳಿ ಮೊಳಕೆ ಚಾಚಿ ಸುರುಳಿಯಾಗಿ ಸತ್ತಿದ್ದವು.

"ಈರಣ್ಣ, ಫ್ರಿಜ್ಜು ಕೆಟ್ಟಿತ್ತೇನು?"

"ಏ, ಇಲ್ರಿ ಅಕ್ಕಾರ! ಮಸ್ತ್ ಐತಿ. ರಾತ್ರಿ ಬಂದ್ ಮಾಡ್ತೀನಿ ಅಷ್ಟ."

"ರಾತ್ರಿ ಬಂದ್ ಮಾಡ್ತೀಯಾ?"

"ಮತ್ತ? ರಾತ್ರಿ ಸೋಡಾ ಯಾರು ಕುಡೀತಾರ್ರಿ? ಕರೆಂಟ್ ಬಿಲ್ ನಿಮ್ಮ ಸಾಹೇಬ್ರು ಕಟ್ತಾರೇನು?"

ಹಗಲು ಚಳಿ, ರಾತ್ರಿ ಸೆಖೆ. ಪಾಪ, ಮರಿಗಡ್ಡೆಗಳಿಗೆ ದಿನಕ್ಕೊಂದು ವರ್ಷ ಕಳೆದ ಹಾಗಾಗಿರಬೇಕು. ಹೊಸಬರಿಗೆ ಹೇಳುವುದಿಷ್ಟೆ: ಗಿಡವನ್ನು ಬೇರೆಯವರ ಜಾಗದಲ್ಲಿ ಇಡುವ ಮೊದಲು ಆ ಜಾಗದವರ ಅಭ್ಯಾಸಗಳನ್ನು ಕೇಳಿಕೊಳ್ಳಿ. ಮೆಟ್ರಿಯವರು ನಮಗೆ ಉಪಕಾರ ಮಾಡಿದರು, ಹಂಪಿಯವನು ಉಳಿತಾಯ ಮಾಡಿದ. ಇಬ್ಬರೂ ಕೆಟ್ಟವರಲ್ಲ.

ನಮ್ಮ ಮನೆಯ ಡಬ್ಬಿಯವು ಬದುಕಿದವು. ಆದರೆ ಮುಂದಿನ ಬುದ್ಧ ಪೂರ್ಣಿಮೆಗೆ ಅವು ಹುಲ್ಲಿನ ಎಳೆಯಂಥ ಒಂದೊಂದು ಎಲೆ ಬಿಟ್ಟಿದ್ದವು, ಅಷ್ಟೆ. ಹೂ ಬರಲು ಇನ್ನೂ ಒಂದು ವರ್ಷ ಕಾಯಬೇಕಿತ್ತು. ಆ ಪೂರ್ಣಿಮೆ ಕಳೆದ ಮೇಲೆ ಸಸಿ ಸರಬರಾಜಿಗೆಂದು ಸಂಡೂರಿಗೆ ಹೋಗಿದ್ದಾಗ ನಾನು ರತ್ನಮ್ಮನ ಓಣಿಗೆ ಹೋದೆ. ಅವರು ಬೀದಿ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದರು. ಅವರ ಹಿಂದೆ ತೆಳ್ಳನೆಯ ಹೆಂಗಸೊಬ್ಬರು ಕೊಡ ಇಟ್ಟು ನಿಂತಿದ್ದರು. ರತ್ನಮ್ಮನ ಕೊಡ ತುಂಬಿ ಚೆಲ್ಲುತ್ತಿತ್ತು. ಹಿಂದಿನವರು ನೋಡುತ್ತಿದ್ದರು, "ತುಂಬೇತಿ" ಎಂದು ಹೇಳಲಿಲ್ಲ. ರತ್ನಮ್ಮ ಕೊಡ ಸರಿಸಿದರು, "ಹಿಡ್ಕೋ" ಎನ್ನಲಿಲ್ಲ. ಆ ತೆಳ್ಳನೆಯವರೇ ಸರೋಜಮ್ಮ ಎಂದು ನನಗೆ ಯಾರೂ ಹೇಳಬೇಕಾಗಲಿಲ್ಲ.

"ಈ ಸಲ ಯಾರೂ ಯಾರ ಮನೀಗೂ ಹೋಗಲಿಲ್ರಿ. ಎಲ್ಲಾರೂ ಅವರವರ ಮನ್ಯಾಗ ಖೀರು ಮಾಡಿ ಅವರವರs ಕುಡುದ್ರು. ಖೀರು ಕಹಿ ಇತ್ತು" ಎಂದರು ರತ್ನಮ್ಮ. ಆಮೇಲೆ ದನಿ ತಗ್ಗಿಸಿ, "ಒಂದು ಉಳದೈತೇನ್ರಿ?" ಎಂದು ಕೇಳಿದರು.

"ಉಳಿದಿವೆ" ಎಂದೆ.

"ಉಳದಾವ?" ಎಂದು ಅವರು ಒಂದು ಕ್ಷಣ ನನ್ನನ್ನು ದಿಟ್ಟಿಸಿದರು. ಅದು ಸಂತೋಷದ ನೋಟ ಎಂದು ಆಗ ಅಂದುಕೊಂಡೆ.

ಬೇಸಿಗೆಯನ್ನು ನೆರಳುಪರದೆಯ ಕೆಳಗೆ ಹೇಗೋ ದಾಟಿಸಿ, ಮುಂದಿನ ಚಳಿಗಾಲ ಮುಗಿಯುವ ವೇಳೆಗೆ ನಮ್ಮಲ್ಲಿ ಒಂಬತ್ತು ಒಳ್ಳೆಯ ಕುಂಡಗಳಿದ್ದವು. ಓಣಿಯ ಮನೆಗಳೂ ಒಂಬತ್ತು. ಈ ಹೊಂದಿಕೆ ಸಾಹೇಬರ ಕಣ್ಣಿಗೆ ಬೀಳದಿದ್ದರೆ ಚೆನ್ನಾಗಿತ್ತು.

"ಮನೆಗೊಂದು ಕೊಡೋಣಮ್ಮ! ಇನ್ನು ಆ ಜನ ಒಂದು ಕುಂಡ ಹೊತ್ತುಕೊಂಡು ಅಲೆದಾಡೋದು ಬೇಡ" ಎಂದರು.

"ಸರ್, ಅವರು ಕೇಳಿದ್ದು ಒಂದು" ಎಂದೆ.

"ಒಂದು ಕೇಳಿದವರಿಗೆ ಒಂಬತ್ತು ಕೊಟ್ಟರೆ ತಾನೇ ಇಲಾಖೆಯ ಕೆಲಸ ಕಾಣೋದು?"

ಜೀಪಿನಲ್ಲಿ ಒಂಬತ್ತು ಕುಂಡ, ನಡುವೆ ಹುಲಿಗೆಮ್ಮ. ಕುಂಡಗಳು ಉರುಳದಂತೆ ಕಾಲು ಅಡ್ಡ ಇಟ್ಟುಕೊಂಡು, ಅದಿರು ಲಾರಿಗಳ ಕೆಂಪು ಧೂಳು ತಿನ್ನುತ್ತಾ ಸಂಡೂರು ತಲುಪಿದೆವು. ಓಣಿಯವರೆಲ್ಲ ಸೇರಿದರು. ಸಾಹೇಬರು ಒಂದೊಂದು ಮನೆಗೆ ಒಂದೊಂದು ಕುಂಡ ಕೊಟ್ಟರು. ಎಲ್ಲರ ಮುಖವೂ ಅರಳಿತು. ಕೊನೆಗೆ ರತ್ನಮ್ಮನ ಕೈಗೆ ಬಂತು. ಅವರು ಕುಂಡ ತೆಗೆದುಕೊಂಡು ಸಾಹೇಬರಿಗೆ ಕೈಮುಗಿದು, ನನ್ನನ್ನು ಒಳಗೆ ಕರೆದರು.

"ಮರಿ ವರ್ಷಾ ಬರ್ತಿದ್ವು ಮೇಡಂ" ಎಂದರು.

ನನಗೆ ತಕ್ಷಣ ತಿಳಿಯಲಿಲ್ಲ.

"ಗಡ್ಡಿ ಮಗ್ಗಲಾಗ ವರ್ಷ ವರ್ಷಾ ಮರಿ ಬರ್ತಿದ್ವು. ನಾನs ಕಿತ್ತು ಗುಡ್ಡದ ಕಡೆ ಒಗೀತಿದ್ದೆ. ಯಾರಿಗೂ ಕೊಡಲಿಲ್ಲ. ಎಲ್ಲಾರ ಮನ್ಯಾಗೂ ಹೂವು ಆದ್ರ ಯಾರ ಹೊಸ್ತಿಲ ಯಾರು ತುಳೀತಾರ್ರಿ?"

ಇಷ್ಟು ದಿನ ಕೊಳೆ, ಬೂಷ್ಟು, ಕಾವು, ಕರೆಂಟು ಎಂದು ಹೆದರಿ ಸತ್ತಿದ್ದೆ. ಈ ಓಣಿಯ ಹೂವಿಗೆ ನಮ್ಮ ಗೆಲುವೇ ಮುಳುವಾದೀತು ಎಂದು ಒಂದು ಸಲವೂ ಹೊಳೆದಿರಲಿಲ್ಲ.

"ನಿಮ್ಮ ತಪ್ಪಲ್ಲ ಬಿಡ್ರಿ. ಸರ್ಕಾರದವ್ರು ಕೊಡದs ಇದ್ರ ಏನೂ ಕೊಡಂಗಿಲ್ಲ, ಕೊಟ್ರ ಹಿಂಗs" ಎಂದು ರತ್ನಮ್ಮ ನನಗೇ ಸಮಾಧಾನ ಹೇಳಿ ಚಹಾ ಕೊಟ್ಟರು. ಹೊರಗೆ ಸಾಹೇಬರು ಫೋಟೋಕ್ಕೆ ನಿಂತಿದ್ದರು.

ಆ ವಸಂತದಲ್ಲಿ ನಾನು ನಿವೃತ್ತಳಾದೆ. ಹಾರ, ಶಾಲು, ಭಾಷಣ ಎಲ್ಲ ಆದವು, ಬಿಡಿ. ಪೂರ್ಣಿಮೆಯ ಹಿಂದಿನ ದಿನ ರತ್ನಮ್ಮನ ಫೋನು ಬಂತು. ಖೀರಿಗೆ ಬರ್ರಿ ಎಂದರು. ಹೂ ಬಂದಿದೆಯೇ ಎಂದು ಕೇಳಿದೆ. "ಬರ್ರಿ, ನೋಡೀರಂತ" ಎಂದು ಇಟ್ಟುಬಿಟ್ಟರು.

ಬೆಳಗಿನ ಬಸ್ಸಿಗೆ ಹೋದೆ. ರತ್ನಮ್ಮನ ಅಂಗಳದ ಕುಂಡದಲ್ಲಿ ಹಸಿರು ಎಲೆಗಳು ಸೊಗಸಾಗಿ ನಿಂತಿದ್ದವು. ಮೊಗ್ಗಿಲ್ಲ. ಓಣಿಯ ಉದ್ದಕ್ಕೂ ನೋಡುತ್ತಾ ಬಂದಿದ್ದೆ. ಕುಂಡ ಕಂಡ ಅಂಗಳಗಳಲ್ಲೆಲ್ಲ ಬರೀ ಎಲೆ. ಎಸಳಿನಿಂದ ಎಬ್ಬಿಸಿದ ಗಡ್ಡೆಗಳು ಎಲ್ಲವೂ ಒಂದೇ ವರ್ಷ ಹೂ ಬಿಡುವುದಿಲ್ಲ. ತೂಕ ಬಂದದ್ದು ಮಾತ್ರ ಬಿಡುತ್ತದೆ.

"ಒಂದs ಒಂದು ಅರಳೈತಿ. ಸರೋಜಿ ಮನ್ಯಾಗ" ಎಂದರು ರತ್ನಮ್ಮ, ಅಕ್ಕಿಯ ಮೊರದಿಂದ ತಲೆ ಎತ್ತದೆ.

ಅವರು ಬೆಳಿಗ್ಗೆಯಿಂದ ಬಾಗಿಲು ತೆರೆದಿಟ್ಟು ಹೊಸ್ತಿಲ ಒಳಗೆ ಕುಳಿತು ಅಕ್ಕಿ ಆರಿಸುತ್ತಿದ್ದರು. ಆ ಅಕ್ಕಿಯಲ್ಲಿ ಕಲ್ಲಿರಲಿಲ್ಲ. ಪಟದ ಮುಂದೆ ಕುಂಡ ಇಡುವ ಮಣೆ ಒರೆಸಿ ಇಟ್ಟಿತ್ತು. ಒಲೆಯ ಮೇಲೆ ಖೀರಿತ್ತು.

"ನೀವೇ ಹೋಗಿ ನೋಡಿ ಬರಬಹುದಲ್ಲ?" ಎಂದೆ.

"ಯಾಕ್ರಿ? ಅರಳಿದ್ದು ಆಕಿ ಮನ್ಯಾಗ. ತಿರಗಸೋದು ಆಕಿ ಕೆಲಸ. ತಿರಗಸಂಗಿಲ್ಲ ಅಂದ್ರೂ ಆಕಿ ಇಷ್ಟ. ಎಲ್ಲಾರಿಗೂ ಒಂದೊಂದು ಕುಂಡ ಐತೆಲ್ಲ ಈಗ."

ಆಗ ಪಕ್ಕದ ಮನೆಯ ಕದ ಕಿರ್ ಎಂದಿತು. ನಾವಿಬ್ಬರೂ ನೋಡಿದೆವು. ಸರೋಜಮ್ಮ ಬಿಳಿ ಸೀರೆ ಉಟ್ಟು ಕುಂಡವನ್ನು ಎದೆಗೆ ಒತ್ತಿ ಹಿಡಿದು ಹೊರಗೆ ಬಂದರು. ಉದ್ದನೆಯ ಒಂದು ಬಿಳಿ ಹೂ ಅವರ ಭುಜದ ಮೇಲಿನಿಂದ ಬಾಗಿತ್ತು. ಅವರು ನಮ್ಮ ಬಾಗಿಲ ಕಡೆ ಒಮ್ಮೆ ನೋಡಿದರು. ನೋಡಿದ್ದನ್ನು ನಾನು ಕಂಡೆ. ಆಮೇಲೆ ತಿರುಗಿ ಓಣಿಯ ಇನ್ನೊಂದು ತುದಿಯ ಕಡೆ ನಡೆದುಬಿಟ್ಟರು.

ರತ್ನಮ್ಮನ ಕೈ ಮೊರದಲ್ಲೇ ನಿಂತಿತು. "ಹೋದ್ಲು" ಎಂದರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋಗಿ ಖೀರಿನ ಒಲೆ ಆರಿಸಿ ಬಂದರು. "ನೀವು ಕುಡೀರಿ ಮೇಡಂ, ಆರಿ ಹೋಗ್ತದ" ಎಂದರು. ನಾನು ಲೋಟ ತೆಗೆದುಕೊಂಡು ಪಕ್ಕಕ್ಕೆ ಇಟ್ಟೆ. ದೂರದ ಮನೆಯಿಂದ ತ್ರಿಶರಣ ಹೇಳುವುದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಅದರ ಈಚಿನ ಮನೆಯಿಂದ. ಆಮೇಲೆ ಇನ್ನೂ ಈಚೆಯಿಂದ. ರತ್ನಮ್ಮ ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದರು. ಒಂದೊಂದು ಮನೆಯ ದನಿ ಹತ್ತಿರವಾದಾಗಲೂ ಸೆರಗನ್ನು ಸರಿಮಾಡಿಕೊಂಡರು.

ಬಿಸಿಲು ಅಂಗಳಕ್ಕೆ ಇಳಿದಾಗ ಹೊಸ್ತಿಲಲ್ಲಿ ನೆರಳು ಬಿತ್ತು. ಓಣಿಯವರೆಲ್ಲ ಹಿಂದೆ ನಿಂತಿದ್ದರು. ಪದ್ಧತಿಯಂತೆ ಈಗಷ್ಟೇ ತ್ರಿಶರಣ ಮುಗಿಸಿದ ಮನೆಯಾಕೆ ಕುಂಡ ತರಬೇಕಿತ್ತು. ಆದರೆ ಕುಂಡ ಸರೋಜಮ್ಮನ ಕೈಯಲ್ಲೇ ಇತ್ತು. ಯಾರಿಗೂ ಬಿಟ್ಟುಕೊಟ್ಟಿರಲಿಲ್ಲವಂತೆ. ಅವರ ಬಿಳಿ ರವಿಕೆಯ ಮೇಲೆ ಹೂವಿನ ಹಳದಿ ಪುಡಿ ಮೆತ್ತಿತ್ತು.

"ಅಕ್ಕಾ, ತಗೋ."

ರತ್ನಮ್ಮ ಏಳಲಿಲ್ಲ. "ಎಲ್ಲಾರ ಮನಿ ಮುಗಿಸಿ ಬಂದೆ?"

"ಮುಗಿಸಿ ಬಂದೆ."

"ಗ್ವಾಡಿಗೆ ಗ್ವಾಡಿ ಹತ್ತಿದ ಮನಿ ಕಡೀಗೆ ನೆನಪಾತು?"

ಸರೋಜಮ್ಮ ಕುಂಡವನ್ನು ಇನ್ನೊಂದು ತೋಳಿಗೆ ಬದಲಿಸಿದರು. "ಮೊದಲು ಇಲ್ಲಿಗೆ ಬಂದಿದ್ರ ಒಂದು ಲೋಟ ಖೀರು ಕುಡದು ಎದ್ದು ಹೋಗಬೇಕಾಗಿತ್ತು. ಹಿಂದ ಮಂದಿ ಕಾಯ್ತಿರ್ತಾರ. ಕಡೀ ಮನ್ಯಾಗ ಆದ್ರ ಕುಂದ್ರಬಹುದು."

ರತ್ನಮ್ಮ ಮೊರ ಬದಿಗಿಟ್ಟು ಎದ್ದರು. ಎರಡೂ ಕೈ ಚಾಚಿ ಕುಂಡ ತೆಗೆದುಕೊಂಡರು. ತೆಗೆದುಕೊಂಡು, ತೂಕ ನೋಡಿ, ಹೆಬ್ಬೆರಳಿನಿಂದ ಮಣ್ಣನ್ನು ಒತ್ತಿದರು.

"ಭಾಳ ನೀರು ಹಾಕೀದಿ. ಮಣ್ಣು ಪಚಪಚ ಅಂತೈತಿ."

"ಹೂವು ಅರಳೈತೋ ಇಲ್ಲೋ?"

"ಅರಳ್ತದ, ಆಮೇಲೆ ಕೊಳೀತದ."

"ಗಡ್ಡಿ ಕೊಳಿಸಿ ಚೀಲದಾಗ ಹಾಕ್ಕೊಂಡು ಹೊಸಪ್ಯಾಟಿಗೆ ಓಡಿದಾಕಿ ನೀನು, ನಾನಲ್ಲ."

"ಲೇ ಸರೋಜಿ, ನಾ ಅದನ್ನ ಎಷ್ಟು ವರ್ಷ ಸಾಕೀನಿ ಗೊತ್ತೈತೇನು ನಿನಗ?"

"ಗೊತ್ತೈತಿ." ಸರೋಜಮ್ಮ ಹೊಸ್ತಿಲಿಗೆ ಬಾಗಿ ದನಿ ತಗ್ಗಿಸಿದರು. "ಮರಿ ಕಿತ್ತು ಒಗಿಯೋದನ್ನ ಹಿತ್ತಲ ಗ್ವಾಡಿ ಮ್ಯಾಲಿಂದ ವರ್ಷಾ ನೋಡೀನಿ. ಯಾರಿಗರ ಹೇಳೀನೇನು?"

ರತ್ನಮ್ಮ ತಿರುಗಿ ಕುಂಡವನ್ನು ಪಟದ ಮುಂದಿನ ಮಣೆಯ ಮೇಲೆ ಇಟ್ಟರು. ಸರೋಜಮ್ಮ ಹೊಸ್ತಿಲು ದಾಟಿ ಒಳಗೆ ಬಂದು, ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕುಳಿತರು. "ಖೀರು ಎಲ್ಲೈತಿ? ಆರಿಸಿ ಇಟ್ಟಿರ್ತಿ ನೀನು, ನನಗ ಗೊತ್ತು" ಎಂದರು.

ತ್ರಿಶರಣ ಮುಗಿದು, ಖೀರು ಕುಡಿದು ಓಣಿಯವರು ಹೋದರು. ನಾನೂ ಎದ್ದೆ. ಬೀಳ್ಕೊಡಲು ಯಾರೂ ಹೊರಗೆ ಬರಲಿಲ್ಲ. ಇಬ್ಬರೂ ಕುಂಡದ ಅಡಿಯ ತೂತನ್ನು ದೊಡ್ಡದು ಮಾಡಬೇಕೋ ಬೇಡವೋ ಎಂದು ವಾದಕ್ಕೆ ಬಿದ್ದಿದ್ದರು. ಬಸ್ ಸ್ಟ್ಯಾಂಡಿನ ತಿರುವಿನವರೆಗೂ ಆ ಜಗಳ ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.